ಮದ್ಯಭಾಗದ ತುತ್ತೂರಿ

ಸಿಂಫನಿಯ ಎರಡನೆಯ ಭಾಗ ವಿಳಂಬಗತಿಯದು. ವಿದ್ವಾಂಸರು ಅದನ್ನು ಮಧ್ಯಭಾಗ ಎನ್ನುತ್ತಾರೆ. ಒಲೊಮೋತ್ಸ್ ಊರಿನ ವಾದ್ಯವೃಂದದ ತುತ್ತೂರಿಗಾರ ಸೆಕನಿನ ಮತ್ತು ನಗಾರಿಯವನಾದ ನಾನು, ಮಹಾಪ್ರಾಣವನ್ನು ಕೊನೆಯ ಭಾಗಕ್ಕೆಂದು ಉಳಿಸಿಕೊಂಡು, ಮದ್ಯಭಾಗ ಎನ್ನುತ್ತಿದ್ದೆವು. ಅಲ್ಲಿ ನಮ್ಮಿಬ್ಬರಿಗೂ ಕೆಲಸವಿಲ್ಲ. ಪಿಟೀಲುಗಳು ಅಳಲು ಶುರುಮಾಡುವ ಮೊದಲೇ ಹಿಂಬಾಗಿಲಿಂದ ಇಳಿದು, ಓಣಿ ದಾಟಿ, ಕುಡೆಲ್ಕನ ಬಿಯರ್ ಅಂಗಡಿಗೆ ಹೋಗುವುದು ನಮ್ಮ ಹಿಂದಿನವರು ಹಾಕಿಕೊಟ್ಟ ಪದ್ಧತಿ. ಹೆಸರೇ ಕುಡೆಲ್ಕ; ಕುಡಿಯದೆ ಬಂದರೆ ಬೇಜಾರು ಮಾಡಿಕೊಳ್ಳುತ್ತಿದ್ದ. ಬಿಯರಿನ ಜೊತೆಗೆ ಬ್ರೆಡ್ಡು, ಅದರ ಮೇಲೆ ನಮ್ಮೂರಿನ ನಾರುವ ಚೀಸು. ನಾವು ಮೂರನೆಯ ಭಾಗಕ್ಕೆ ಮರಳಿದರೆ ಮುಂದಿನ ಸಾಲಿನ ಕೊಳಲಿನವರು ಮೂಗಿನಲ್ಲಿ ಉಸಿರಾಡುವುದನ್ನೇ ಬಿಡುತ್ತಿದ್ದರು.

ಸೆಕನಿನನ ದುಃಖ ಬೇರೆಯದು. ಹಳೆಯ ತುತ್ತೂರಿ ಎಂದರೆ ಬರೀ ಉದ್ದನೆಯ ಕೊಳವೆ. ಅದರಲ್ಲಿ ಸ ಇದೆ, ಪ ಇದೆ, ಇನ್ನಷ್ಟು ಮೇಲೆ ಹೋದರೆ ಒಂದು ಗ ಸಿಗುತ್ತದೆ; ನಡುವಿನ ಸ್ವರ ಬೇಕಾದರೆ ಪಿಟೀಲಿನವರ ಮನೆಗೆ ಹೋಗಿ ಕೇಳಬೇಕು. ಅಜ್ಜಂದಿರ ಕಾಲದಲ್ಲಿ ಕೊಳವೆಯ ನೆತ್ತಿಗೇ ಹತ್ತಿ, ಅಲ್ಲಿ ಒತ್ತೊತ್ತಾಗಿರುವ ಸ್ವರಗಳಲ್ಲಿ ಹಾಡು ಹೆಣೆಯುವವರಿದ್ದರಂತೆ. ಆ ವಿದ್ಯೆ ಅವರ ಜೊತೆಗೇ ಮಣ್ಣಾಯಿತು. ಉಳಿದದ್ದು, ಉಳಿದವರೆಲ್ಲ ಹಾಡಿ ಮುಗಿಸಿದ ಮೇಲೆ ನಗಾರಿಯ ಜೊತೆ ಸೇರಿ 'ಪಾಂ ಪಾಂ' ಎಂದು ಹೂಂಗುಟ್ಟುವ ಕೆಲಸ.

ಅವನ ಹೆಂಡತಿ ಅಪೊಲೆನಾ ನನ್ನೆದುರಿಗೇ ಚುಚ್ಚುತ್ತಿದ್ದಳು. "ನಮ್ಮ ಯಜಮಾನ್ರು ಮದುವೆಯಾದಾಗಿಂದ ಊದ್ತಾನೇ ಇದಾರೆ, ಒಂದು ಹಾಡು ಹೊರಗೆ ಬಂದಿಲ್ಲ. ಅಷ್ಟೇ ಒಲೆ ಊದಿದ್ರೆ ಸೂಪಾದ್ರೂ ಕುದೀತಿತ್ತು."

ಸೆಕನಿನ ನಗುತ್ತಿದ್ದ. ಆಮೇಲೆ ಅರ್ಧ ದಿನ ಮಾತಾಡುತ್ತಿರಲಿಲ್ಲ.

ಆಗ ವಿಯೆನ್ನಾದಿಂದ ಟಪಾಲು ಗಾಡಿಯಲ್ಲಿ ಗುಂಡಿಗಳಿರುವ ಹೊಸ ತುತ್ತೂರಿ ಬಂತು. ಗುಂಡಿ ಒತ್ತಿದರೆ ಒಳಗೆ ಗಾಳಿಯ ದಾರಿ ಉದ್ದವಾಗಿ, ಬೇಕಾದ ಸ್ವರವೆಲ್ಲ ಬೆರಳ ತುದಿಗೆ. ನಮ್ಮ ವೃಂದದ ನಿರ್ದೇಶಕ ಜಪ್ಲೆತಲ್ ಅದನ್ನು ನೋಡಿದ್ದೇ ಒಂದು ಸಿಂಫನಿ ಬರೆದು, ಅದರ ವಿಳಂಬ ಭಾಗದ ಹಾಡನ್ನು ಪೂರ್ತಿಯಾಗಿ ತುತ್ತೂರಿಗೆ ಕೊಟ್ಟುಬಿಟ್ಟ. ಜಪ್ಲೆತಲ್ ಮಾತಾಡುವುದು ಮೂಗಿನಿಂದ. ಬಾಯಿ ಇರುವುದು ಆಕಳಿಸಲು ಮಾತ್ರ.

"ಸೆಕನಿನಾಂ, ಗುಂಡಿ ಇದ್ರೆ ಸಾಲಲ್ಲಯ್ಯಾಂ, ಗುಂಡಿಗೆ ಬೇಕಾಂ. ಎಡವಿದ್ಯೋ, ನಾಳೆಯಿಂದ ಹಾಡು ಕ್ಲಾರಿನೆಟ್ಟಿಗೇಂ."

ಅಭ್ಯಾಸ ನಡೆದದ್ದೆಲ್ಲ ಬೆಳಗಿನ ಹೊತ್ತು. ಆಗ ಕುಡೆಲ್ಕನ ಬಾಗಿಲು ತೆರೆದಿರುವುದಿಲ್ಲವಾದ್ದರಿಂದ ಸೆಕನಿನ ಕುಳಿತಲ್ಲೇ ಕುಳಿತು ಸೊಗಸಾಗಿ ಊದಿದ. ಕಛೇರಿ ಮಾತ್ರ ಸಂಜೆ. ಅಪೊಲೆನಾಳನ್ನು ಬಾಲ್ಕನಿಯ ಮುಂದಿನ ಸಾಲಿನಲ್ಲಿ ಕೂರಿಸಿ ಬಂದವನೇ ನನ್ನ ಕಿವಿಯಲ್ಲಿ ಹೇಳಿದ:

"ಮಾರಾಯ, ನನ್ನ ಕಾಲಿನ ಮೇಲೆ ನಂಗೇ ನಂಬಿಕೆ ಇಲ್ಲ. ಮೊದಲ ಭಾಗ ಮುಗಿದ್ರೆ ಅವು ತಾವಾಗೇ ಏಳ್ತವೆ. ನನ್ನ ಕೋಟಿನ ಬಾಲ ಗಟ್ಟಿಯಾಗಿ ಹಿಡ್ಕೊಂಡಿರು. ಇವತ್ತು ಅವಳು ಕೇಳ್ಬೇಕು."

"ಹಿಡ್ಕೋತೀನಿ ಬಿಡು. ಪ್ರಾಣ ಹೋದ್ರೂ ಬಿಡಲ್ಲ."

ಮೊದಲ ಭಾಗ ಮುಗಿಯಿತು. ಒಂದು ಕೈಯಲ್ಲಿ ನಗಾರಿಯ ಕೋಲು ಕೆಳಗಿಟ್ಟು, ಇನ್ನೊಂದರಲ್ಲಿ ಕೋಟು ಹಿಡಿದೆ. ಚಪ್ಪಾಳೆಗೆ ಅವನ ಕಾಲು ಎದ್ದಿತು. ನನ್ನದೂ ಎದ್ದಿತು. ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಬಾಲ ಬಿಡದೆ ಅವನ ಹಿಂದೆಯೇ ಮೆಟ್ಟಿಲಿಳಿದೆ.

ಕುಡೆಲ್ಕ ಬಿಯರ್ ಸುರಿದಿಟ್ಟಿದ್ದ. ಸೆಕನಿನ ಒಂದು ಗುಟುಕು ಎಳೆದ.

"ಏನಯ್ಯಾ ನಗಾರಿ," ಎಂದ ಕುಡೆಲ್ಕ, "ಕೋಟಿನ ಬಾಲ ಹಿಡ್ಕೊಂಡು ಬಂದಿದೀಯ. ಇವನೇನು ಮದುಮಗಳಾ?"

ನಾನು ನನ್ನ ಕೈ ನೋಡಿಕೊಂಡೆ. ಸೆಕನಿನ ನನ್ನ ಕೈ ನೋಡಿದ. ಓಣಿಯಾಚೆಯ ತೆರೆದ ಕಿಟಕಿಯಲ್ಲಿ ಪಿಟೀಲುಗಳು ಅವನ ಹಾಡಿಗೆ ಆಗಲೇ ಹಾಸಿಗೆ ಹಾಸುತ್ತಿದ್ದವು.

"ನನ್ನ ಹಾಡು," ಎಂದ ಅವನು, ತೀರಾ ಮೆಲ್ಲಗೆ.

ಮೆಟ್ಟಿಲು ಹತ್ತಲು ಹೊತ್ತಿರಲಿಲ್ಲ. ಪುಣ್ಯಕ್ಕೆ, ಹೊಸ ತುತ್ತೂರಿಯನ್ನು ಅವನು ಬಚ್ಚಲಿಗೂ ಬಿಟ್ಟು ಹೋಗುತ್ತಿರಲಿಲ್ಲ, ಈಗಲೂ ಕಂಕುಳಲ್ಲಿತ್ತು. ಹೊಸ್ತಿಲಲ್ಲಿ ನಿಂತ, ಮುಖವನ್ನು ಕಿಟಕಿಯತ್ತ ಎತ್ತಿದ, ಊದಿದ.

ತುತ್ತೂರಿ ಅಬ್ಬರಿಸುವುದನ್ನು ಜನ್ಮಪೂರ್ತಿ ಪಕ್ಕದಲ್ಲೇ ಕೂತು ಕೇಳಿದವನು ನಾನು. ಅದು ಹೀಗೆ ದನಿ ತಗ್ಗಿಸಿ ಮನಸ್ಸಿನ ಮಾತು ಆಡುವುದನ್ನು ಕೇಳಿರಲಿಲ್ಲ. ಕುಡೆಲ್ಕ ಒರೆಸುತ್ತಿದ್ದ ಲೋಟ ಕೆಳಗಿಟ್ಟ. ನಾನು ಕೋಟು ಬಿಡುವುದನ್ನೂ ಮರೆತೆ.

ಮೂರನೆಯ ಭಾಗಕ್ಕೆ ಸದ್ದಿಲ್ಲದೆ ಬಂದು ಕುಳಿತೆವು. ಕಛೇರಿ ಮುಗಿದ ಮೇಲೆ ಊರಿನ ದೊಡ್ಡವರೆಲ್ಲ ಜಪ್ಲೆತಲ್‌ನನ್ನು ಮುತ್ತಿಕೊಂಡು, ತುತ್ತೂರಿಯನ್ನು ದೂರದಿಂದ ನುಡಿಸಿದ್ದು ಎಂಥ ಕಲ್ಪನೆ ಎಂದು ಕೊಂಡಾಡಿದರು. ವಿಳಂಬ ಭಾಗದಲ್ಲಿ ಕಣ್ಣು ಮುಚ್ಚುವುದು ಜಪ್ಲೆತಲ್‌ನ ಚಟ. ಅವನು ಏನನ್ನೂ ನೋಡಿರಲಿಲ್ಲ. "ನಾನು ಬರೆದಿದ್ದೇ ಹಾಗಾಂ," ಎಂದ.

ಅಪೊಲೆನಾ ಬಾಲ್ಕನಿಯಿಂದ ಇಳಿದು ಬಂದಳು. ಕಣ್ಣು ಕೆಂಪಾಗಿತ್ತು.

"ನಿಮ್ಮ ಕುರ್ಚಿ ಖಾಲಿ ಇತ್ತು. ಒಂದು ಹಾಡು ಸಿಕ್ಕಿದ್ರೂ ಹೆದರಿ ಓಡಿಹೋದ್ರಲ್ಲ. ಹೊರಗೆ ನಿಂತು ಊದಿದ ಪುಣ್ಯಾತ್ಮ ಯಾರು? ನಂಗೆ ಅಳು ತಡೆಯಕ್ಕಾಗ್ಲಿಲ್ಲ."

ಸೆಕನಿನ ನನ್ನ ಮುಖ ನೋಡಿದ. ವಿಳಂಬ ಭಾಗದಲ್ಲಿ ಕೂತು ತುತ್ತೂರಿ ಒರೆಸುತ್ತೇನೆ ಎಂದು ಇಷ್ಟು ವರ್ಷ ಮನೆಯಲ್ಲಿ ಹೇಳಿಕೊಂಡು ಬಂದವನು. ನಿಜ ಹೇಳಿದರೆ ಬಿಯರ್ ಅಂಗಡಿ ಹೊರಬೀಳುತ್ತದೆ. ಹೇಳದಿದ್ದರೆ ಹಾಡು ಯಾರೋ ಪುಣ್ಯಾತ್ಮನ ಪಾಲು.

"ನಾನೇ ಕಣೇ," ಎಂದ. "ಕುಡೆಲ್ಕನ ಅಂಗಡಿ ಬಾಗಿಲಲ್ಲಿ ನಿಂತಿದ್ದೆ."

ಅವಳು ಹತ್ತಿರ ಬಂದು ಅವನ ಮೀಸೆ ಮೂಸಿದಳು. ಮೀಸೆ ಅವನ ಮಾತಿಗೆ ಸಾಕ್ಷಿ ಹೇಳಿತು.

"ಬಾಲ್ಕನೀಗೆ ತೀರಾ ಸಣ್ಣಗೆ ಕೇಳ್ತಿತ್ತು," ಎಂದಳು. "ಮುಂದಿನ ಸಲ ಅಂಗಡೀಲೇ ನಂಗೊಂದು ಕುರ್ಚಿ ಹಾಕ್ಸಿ."