ಒಂದನೇ ನಂಬರಿನ ಕೆಂಪು ಟೋಪಿ

"ಮಿರ್ನಾ, ಹಸಿವಾಯ್ತೇನಮ್ಮಾ? ಬಾ, ಮರೆಂದಾಕ್ಕೆ ಹೋಗೋಣ."

ಯಜಮಾನ ಶಿಮೆ ಬಾಗಿಲ ಬಳಿ ನಿಂತು ಕೂಗಿದಾಗ ವಿಂಕಾ ಆಗಲೇ ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದಳು. ತೂರಿಸಿದ ಕೈಯನ್ನು ಮೆಲ್ಲಗೆ ಹೊರಗೆಳೆದು, ಧೂಳು ಕೊಡವುವವಳಂತೆ ಕೋಟನ್ನು ಎರಡು ಸಲ ತಟ್ಟಿ, ಮತ್ತೆ ಗೂಟಕ್ಕೆ ನೇತುಹಾಕಿದಳು.

ಮರೆಂದಾ ಎಂಬ ಹತ್ತೂವರೆಯ ಆ ಊಟ ಹದಿನೆಂಟು ವರ್ಷ ವಿಂಕಾಳದಾಗಿತ್ತು. ಮೀನು ಮಾರುಕಟ್ಟೆಯ ಹಿಂದಿನ ಹೋಟೆಲಿನಲ್ಲಿ ಶಿಮೆಯ ಎದುರು ಕುಳಿತು, ಕರಿದ ಸಣ್ಣ ಮೀನು ಕಡಿಯುತ್ತಾ, ಮೇಜಿಗೆ ಹಾಸಿದ ಕಾಗದದ ಮೇಲೆ ಆ ವಾರದ ವಾಟರ್ ಪೋಲೊ ಆಟಗಳಿಗೆಲ್ಲ ಅವಳು ಅಂಕಿ ಬರೆಯುತ್ತಿದ್ದಳು. ಒಂದು ಆಟದಲ್ಲಿ ಎರಡೂ ಕಡೆ ಸೇರಿ ಎಷ್ಟು ಗೋಲಾದೀತು ಎಂಬ ಅಂಕಿ. ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಜನ ಬಾಜಿ ಕಟ್ಟುವುದು. ಕಚೇರಿಯಲ್ಲಿ ಅದಕ್ಕೆ ಗೆರೆ ಎಂದೇ ಹೆಸರು. ವಿಂಕಾ ಹತ್ತೊಂಬತ್ತೂವರೆ ಎಂದು ಬರೆದರೆ ಮಧ್ಯಾಹ್ನದೊಳಗೆ ಸ್ಪ್ಲಿಟ್ ಊರಿನ ಬಾಜಿ ಅಂಗಡಿಗಳಲ್ಲೆಲ್ಲ ಹತ್ತೊಂಬತ್ತೂವರೆ. ಮಂತ್ರ ಹಾಕಿದ ಹಾಗೆ.

ಈಗ ಗೆರೆ ಎಳೆಯುವುದು ಮಿರ್ನಾ ಕಟ್ಟಿದ ಕಂಪ್ಯೂಟರ್ ಮಾಡೆಲ್. ಇಪ್ಪತ್ತಾರು ವರ್ಷದ ಈ ಹುಡುಗಿಗೆ ವಾಟರ್ ಪೋಲೊ ಆಡಿ ಗೊತ್ತಿಲ್ಲ, ಸರಿಯಾಗಿ ಈಜಲೂ ಬಾರದು. ಆದರೂ ಮೂರು ವಾರದಿಂದ ಅವಳ ಮಾಡೆಲ್ಲಿನ ಗೆರೆ ಅಲುಗಿಲ್ಲ. ಬಾಜಿ ಕಟ್ಟುವವರ ದುಡ್ಡು ಎರಡೂ ಕಡೆಗೆ ಸಮನಾಗಿ ಬೀಳುತ್ತಿತ್ತು. ತಿಂಗಳು ತುಂಬುವವರೆಗೆ ಹೀಗೇ ನಡೆದರೆ ವಿಂಕಾಳ ಮೇಜು ಇಲ್ಲಿಂದ ಏಳುತ್ತದೆ, ಅವಳು ಬಸ್ ನಿಲ್ದಾಣದ ಅಂಗಡಿಯ ಕಿಟಕಿಗೆ ಹೋಗಿ ಚೀಟಿ ಹರಿಯಬೇಕು ಎಂದು ಶಿಮೆ ಹೇಳಿ ಆಗಿತ್ತು. ಅಲ್ಲಿಯವರೆಗೆ ಅವಳಿಗೆ ಉಳಿದದ್ದು ಒಂದೇ ಕೆಲಸ: ಮಾಡೆಲ್ ಕೊಟ್ಟ ಪ್ರತಿ ಅಂಕಿಯ ಪಕ್ಕದಲ್ಲಿ 'ಸರಿ' ಎಂದೋ 'ತಪ್ಪು' ಎಂದೋ ಬರೆಯುವುದು.

"ನೀವೂ ಬನ್ನಿ ವಿಂಕಕ್ಕಾ," ಎಂದಳು ಮಿರ್ನಾ, ಕುತ್ತಿಗೆಗೆ ಶಾಲು ಸುತ್ತಿಕೊಳ್ಳುತ್ತಾ. "ಇವತ್ತು ಶುಕ್ರವಾರ, ಒಣಮೀನಿನ ಬಕಾಲಾರ್ ಮಾಡಿರ್ತಾರೆ."

"ನಂಗೆ ಹೊಟ್ಟೆ ತುಂಬಿದೆ ತಾಯಿ. ನೀನು ಹೋಗು, ತಿಂದು ಬಾ. ಅವ್ರು ಮುಳ್ಳು ಬಿಡಿಸಿ ಕೊಡ್ತಾರೆ."

ಶಿಮೆ ಜೋರಾಗಿ ನಕ್ಕ. "ಹದಿನೆಂಟು ವರ್ಷ ನಿಂಗೆ ಬಿಡಿಸಿ ಕೊಡ್ಲಿಲ್ವೇನೆ?"

ಮೆಟ್ಟಿಲಲ್ಲಿ ಅವರ ನಗು ಇಳಿದುಹೋಯಿತು. ಎದೆಯೊಳಗೆ ಯಾರೋ ಕೆಂಡವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಂತೆ ವಿಂಕಾ ಕುಳಿತಳು. ಪರದೆಯ ಮೇಲೆ ನಾಳಿನ ಆಟಗಳ ಪಟ್ಟಿಯಿತ್ತು. ಒಂದು, ಎರಡು, ಮೂರು... ಎಲ್ಲವೂ ತಾನೇ ಬರೆದಂತಹ ಅಂಕಿಗಳು. ಹೊಟ್ಟೆ ಉರಿಯುವಷ್ಟು ಸರಿ.

ಐದನೆಯದು ದ್ವೀಪದ ತಂಡದ ಆಟ, ಈ ಮೂರು ವಾರದಲ್ಲಿ ಅವರ ಮೊದಲನೆಯದು. ಗೆರೆ ಹದಿನೆಂಟೂವರೆ.

ಅವಳು ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದಳು. ದ್ವೀಪದವರ ಹಳೆಯ ಗೋಲ್‌ಕೀಪರ್ ನಿಕ್ಷಾ ಹೋದ ಮೇ ತಿಂಗಳಲ್ಲೇ ಆಟ ಬಿಟ್ಟಿದ್ದ. ಈಗ ನಿಲ್ಲುವವನಿಗೆ ಹತ್ತೊಂಬತ್ತು ವರ್ಷ, ಚೆಂಡು ಬಂದರೆ ಕಣ್ಣು ಮುಚ್ಚುತ್ತಾನೆ. ಹತ್ತೊಂಬತ್ತೂವರೆಯಾದರೂ ಬೇಕು. ಮಾಡೆಲ್ಲಿಗೆ ಇದು ಗೊತ್ತಿಲ್ಲ! ದ್ವೀಪದ ಕಾಫಿ ಅಂಗಡಿಯಲ್ಲಿ ಕುಳಿತ ಪ್ರತಿ ಮುದುಕನಿಗೂ ಗೊತ್ತು.

ಅವಳು ಅಂಕಿಯ ಪಕ್ಕದಲ್ಲಿ 'ಸರಿ' ಎಂದು ಬರೆದಳು. ಮುಂದಿನ ಆಟಕ್ಕೆ ಹೋದಳು.

ಹನ್ನೆರಡಕ್ಕೆ ಗೆರೆಗಳು ಹೊರಬಿದ್ದವು. ಹನ್ನೆರಡೂ ಹತ್ತಕ್ಕೆ ದ್ವೀಪದ ಅಂಗಡಿಯಿಂದ ಫೋನು. ಒಂದು ಗಂಟೆಯ ಹೊತ್ತಿಗೆ ದುಡ್ಡೆಲ್ಲ 'ಹೆಚ್ಚು' ಎಂಬ ಕಡೆಗೇ ಸುರಿಯುತ್ತಿತ್ತು. ಗೆರೆಯನ್ನು ಹತ್ತೊಂಬತ್ತಕ್ಕೆ ಎತ್ತಿದರು, ಹತ್ತೊಂಬತ್ತೂವರೆಗೆ ಎತ್ತಿದರು, ಕೊನೆಗೆ ಆ ಆಟವನ್ನೇ ಮುಚ್ಚಿದರು.

"ಏನಮ್ಮಾ ಇದು ನಿನ್ನ ಯಂತ್ರ?" ಶಿಮೆಯ ಕಿವಿ ಕೆಂಪಾಗಿತ್ತು. "ದ್ವೀಪದೋರೆಲ್ಲ ಹೆಂಡತಿ ಮಕ್ಕಳ ಸಮೇತ ಸಾಲಲ್ಲಿ ನಿಂತಿದ್ದಾರಂತೆ! ಏನಾಯ್ತು ಅಂತ ಸಂಜೆಯೊಳಗೆ ನಂಗೆ ಗೊತ್ತಾಗ್ಬೇಕು."

ಮಿರ್ನಾಳ ಮುಖದಲ್ಲಿ ರಕ್ತವಿರಲಿಲ್ಲ. ವಿಂಕಾ ಕಿತ್ತಳೆ ಸುಲಿಯತೊಡಗಿದಳು. ಎಷ್ಟೋ ದಿನದ ಮೇಲೆ ಹಣ್ಣಿಗೆ ರುಚಿ ಬಂದಿತ್ತು.

ಮೂರು ತಾಸು ಮಿರ್ನಾ ತಲೆ ಎತ್ತಲಿಲ್ಲ. ಆಮೇಲೆ ಕುರ್ಚಿ ತಿರುಗಿಸಿ ಮೆಲ್ಲಗೆ ಕರೆದಳು. "ವಿಂಕಕ್ಕಾ, ಒಂದ್ನಿಮಿಷ ಇಲ್ಲಿ ಬರ್ತೀರಾ?"

"ಏನಂತೆ? ಯಂತ್ರಕ್ಕೆ ಜ್ವರ ಬಂತಾ?"

"ವಸಂತದಲ್ಲಿ ನೀವು ಅಂಕಿ ಬರೆದ ಹಳೇ ಕಾಗದದ ಪೆಟ್ಟಿಗೆಗಳನ್ನ ಕೇಳಿ ತಗೊಂಡಿದ್ನಲ್ಲ. ಒಲೆ ಹಚ್ಚೋಕಾ ಅಂದಿದ್ರಿ."

"ಅಂದಿದ್ದೆ. ಹಚ್ಚಿದ್ಯಾ?"

"ಅದರಿಂದಾನೇ ಇದು ಕಲಿತದ್ದು." ಮಿರ್ನಾ ಪರದೆಯನ್ನು ತೋರಿಸಿದಳು. "ಸ್ಕೋರುಗಳಿಂದ ಅಲ್ಲ. ಸ್ಕೋರಲ್ಲಿ ಅದೃಷ್ಟ ಜಾಸ್ತಿ, ಒಂದಿನ ಹತ್ತು, ಒಂದಿನ ಮೂವತ್ತು. ನಿಮ್ಮ ಅಂಕಿ ಅದಕ್ಕಿಂತ ಶುದ್ಧವಾಗಿತ್ತು. ಹದಿನೆಂಟು ವರ್ಷ ನೀವು ಏನು ಬರೀತಿದ್ರೋ ಅದನ್ನೇ ಬರೆಯೋಕೆ ಕಲಿಸ್ದೆ, ಅಷ್ಟೇ."

ವಿಂಕಾಳ ಕೈಯಲ್ಲಿ ಕಿತ್ತಳೆಯ ತೊಳೆ ಹಾಗೇ ಉಳಿಯಿತು.

"ದ್ವೀಪದ ಆಟಗಳಲ್ಲಿ ನೀವು ಒಂದು ಗೋಲು ಕಡಿಮೆ ಬರೆದಿದ್ದೀರಿ. ಎಲ್ಲಾ ಆಟದಲ್ಲೂ ಅಲ್ಲ. ಒಂದನೇ ನಂಬರಿನ ಕೆಂಪು ಟೋಪಿಯೋರು ಗೋಲಲ್ಲಿ ನಿಂತಾಗ ಮಾತ್ರ. ಹದಿಮೂರನೇ ಟೋಪಿಯ ಬದಲಿ ಕೀಪರ್ ಬಂದ್ರೆ ನಿಮ್ಮ ಗೆರೆ ಸರಿಯಾಗಿರುತ್ತೆ. ಆಟದ ಹಾಳೆಯಲ್ಲಿ ಹೆಸರಿರಲ್ಲ, ಟೋಪಿ ನಂಬರ್ ಮಾತ್ರ. ಈ ಹೊಸ ಹುಡುಗಾನೂ ಅದೇ ಒಂದನೇ ನಂಬರ್ ಹಾಕ್ತಾನೆ." ಮಿರ್ನಾ ಪರದೆ ಬಿಟ್ಟು ಅವಳತ್ತ ತಿರುಗಿದಳು. "ಆ ಹಳಬ್ರು... ಅಷ್ಟು ಒಳ್ಳೆ ಕೀಪರ್ ಆಗಿದ್ರಾ ಅಕ್ಕಾ?"

ದ್ವೀಪಕ್ಕೆ ಹೋಗುವ ಭಾನುವಾರಗಳ ದೋಣಿ, ಆಟ ನೋಡಲು ಕಲ್ಲಿನ ಮೆಟ್ಟಿಲ ಮೇಲೆ ಹಾಸಿಕೊಂಡ ಟವೆಲು, ಗುಂಪಿನೊಳಗೆ ಯಾರಿಗೆಂದು ತಿಳಿಯದಂತೆ ಒಮ್ಮೆ ಎತ್ತಿದ ಒದ್ದೆ ಕೈ. ನಿಕ್ಷಾಗೆ ಅವಳ ಹೆಸರೂ ಗೊತ್ತಿರಲಿಲ್ಲ.

"ಇರ್ಲಿಲ್ಲ," ಎಂದಳು ವಿಂಕಾ.

ಮಿರ್ನಾ ಮತ್ತೇನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ವಿಂಕಾಳಿಗೆ ಚುಚ್ಚಿತು. ಅಷ್ಟರಲ್ಲಿ ಶಿಮೆ ಒಳಗೆ ಬಂದ.

"ಸಿಕ್ತಾ?"

"ಸಿಕ್ತು ಯಜಮಾನ್ರೇ," ಎಂದು ಮಿರ್ನಾ ಎದ್ದು ನಿಂತಳು. "ತಪ್ಪು ನಂದೇ. ಒಬ್ಬ ಕೀಪರ್‌ಗೆ ಸುಮ್‌ಸುಮ್ನೆ ಒಂದು ಗೋಲಿನ ತೂಕ ಜಾಸ್ತಿ ಕೊಟ್ಬಿಟ್ಟಿದ್ದೆ."

ನಂದೇ ಅಂತೆ! ಊಟ ಹೋಗಿತ್ತು, ಪೆನ್ಸಿಲು ಹೋಗಿತ್ತು, ಹದಿನೆಂಟು ವರ್ಷ ಪೆಟ್ಟಿಗೆಗಟ್ಟಲೆ ಇವಳ ಯಂತ್ರದ ಹೊಟ್ಟೆಗೆ ಹೋಗಿತ್ತು. ಈಗ ಈ ಹುಡುಗಿ ಇದನ್ನೂ ತನ್ನದೆನ್ನುತ್ತಾಳೆ! ಈಜು ಬಾರದವಳು, ಆ ಮೆಟ್ಟಿಲ ಮೇಲೆ ಒಂದು ದಿನವೂ ಕೂರದವಳು.

"ಅದು ಇವಳದಲ್ಲ," ಎಂದಳು ವಿಂಕಾ. ದನಿ ತನಗೇ ಜೋರೆನಿಸಿತು. "ಆ ಗೋಲು ನಂದು. ಅವನು ನಿಂತಾಗೆಲ್ಲ ನಾನೇ ಬೇಕಂತ ಕಡಿಮೆ ಬರೀತಿದ್ದೆ. ಇವತ್ತು ಸರಿ ಅಂತ ಬರೆದದ್ದೂ ನಾನೇ, ತಪ್ಪು ಅಂತ ಗೊತ್ತಿದ್ದು."

ಶಿಮೆ ಕುರ್ಚಿ ಹುಡುಕಿ ಕುಳಿತ. "ಹದಿನೆಂಟು ವರ್ಷಾನಾ? ನಾನು ದ್ವೀಪದೋರು ಅದೃಷ್ಟವಂತರು ಅನ್ಕೊಂಡಿದ್ದೆ ಕಣೇ." ಮತ್ತೆ ಅವಳನ್ನು ನೋಡದೆ ಹೇಳಿದ. "ತಿಂಗಳು ತುಂಬೋದು ಬೇಡ. ಸೋಮವಾರದಿಂದ ಬಸ್ ನಿಲ್ದಾಣಕ್ಕೆ ಹೋಗು, ವಿಂಕಾ."

ಅವನು ಹೋದ ಮೇಲೆ ಮಿರ್ನಾ ಕುಳಿತು ಕೀಲಿಮಣೆಯತ್ತ ಕೈ ಚಾಚಿದಳು. ಆ ಒಂದು ಗೋಲಿನ ತೂಕವನ್ನು ತೆಗೆಯಬೇಕಿತ್ತು.

"ಏಳು," ಎಂದಳು ವಿಂಕಾ.

ಮಿರ್ನಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಎಲ್ಲಿ ಒತ್ತಬೇಕೆಂದು ಬೆರಳು ತೋರಿಸಿದಳು, ಮುಟ್ಟಲಿಲ್ಲ. ವಿಂಕಾ ಸೊನ್ನೆ ಬರೆದು ಗುಂಡಿ ಒತ್ತಿದಳು. ಯಂತ್ರ ಹಳೆಯ ಆಟಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕುತ್ತಾ ಹಿಂದಕ್ಕೆ ಹೊರಟಿತು. ಪರದೆಯ ಮೇಲೆ ತಾರೀಖುಗಳು ಸಾಲುಸಾಲಾಗಿ ಜಾರತೊಡಗಿದವು: ಕಳೆದ ಮೇ, ಅದರ ಹಿಂದಿನ ಅಕ್ಟೋಬರ್, ಅದಕ್ಕೂ ಹಿಂದಿನ ಬೇಸಿಗೆ. ನಿಕ್ಷಾ ನಿಂತ ಆಟ ಬಂದಲ್ಲೆಲ್ಲ ಅವಳ ಅಂಕಿ ಒಂದು ಮೇಲೇರಿ ನಿಲ್ಲುತ್ತಿತ್ತು. ಮಿರ್ನಾ ಪಕ್ಕದಲ್ಲಿ ನಿಂತೇ ಇದ್ದಳು. ವಿಂಕಾ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಹೆಗಲಿನಿಂದ ಪರದೆಗೆ ಮರೆಮಾಡಿ, ಒಂದೊಂದೇ ತಾರೀಖನ್ನು ಓದುತ್ತಾ ಹೋದಳು.