ಮಖ್ಲೂಫ್ ಹೊತ್ತಿಸಿದ ಉರಿ

ಸಮುದ್ರದಾಚೆಯ ಬರ್ಗರ್ ಕಂಪನಿ ಇಸ್ರೇಲಿನ ಬೇರ್‌ಶೇವಕ್ಕೆ ಬಂದಾಗ ತನ್ನ ಚೀಸನ್ನೆಲ್ಲ ಊರಾಚೆಯೇ ಬಿಟ್ಟು ಬಂತು. ಮಾಂಸದ ಜೊತೆ ಹಾಲಿನದು ಸೇರಿದರೆ ಕೋಶರ್ ಎಂಬ ಯೆಹೂದಿ ಊಟದ ಕಟ್ಟಳೆ ಪಾಲಿಸುವ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ಕಂಪನಿಯ ದೊಡ್ಡ ಸಾಹೇಬರಿಗೂ ಅರ್ಥವಾಗಿತ್ತು. ಅವರು ತಲೆ ಕೆರೆದುಕೊಂಡದ್ದು ಬೆಂಕಿಯ ವಿಷಯಕ್ಕೆ. ಅಡುಗೆ ಯಾರೇ ಮಾಡಲಿ, ಒಲೆ ಹೊತ್ತಿಸುವ ಕೈ ಯೆಹೂದಿಯದೇ ಆಗಬೇಕಿತ್ತು. ಅದಕ್ಕೆಂದೇ ಕಟ್ಟಳೆ ಕಾಯುವ ಯೆಹೂದಿ ಮೇಲ್ವಿಚಾರಕ ಮಖ್ಲೂಫ್ ಒಲೆಯ ಮೂಲೆಯಲ್ಲಿ ಒಂದು ಪುಟ್ಟ ಉರಿ ಹೊತ್ತಿಸಿ, ಆರದಂತೆ ಬಿಟ್ಟಿದ್ದ. ಮರಳುಗಾಡಿನ ಬೆಡೂಯಿನ್ ಅರಬರ ಪೈಕಿಯ ಅಡುಗೆಯವನು ಫರ್ಹಾನ್ ದಿನವೂ ಅದರಿಂದಲೇ ಉಳಿದ ಒಲೆ ಹಚ್ಚಿಕೊಳ್ಳುತ್ತಿದ್ದ.

ಚಳಿಗಾಲದಲ್ಲಿ ಮಖ್ಲೂಫ್ ತೀರಿಕೊಂಡ. ಉರಿ ಉಳಿಯಿತು. ಆಮೇಲೆ ಅವನ ಬದಲಿಗೆ ಆಗೊಮ್ಮೆ ಈಗೊಮ್ಮೆ ಬಂದ ಮೇಲ್ವಿಚಾರಕರು ಅದನ್ನು ಇಣುಕಿ ನೋಡಿ ಹೋಗುತ್ತಿದ್ದರು, ಅಷ್ಟೇ.

ಅವನ ಹೆಂಡತಿ ಜೋಹ್ರಾ ಅದೇ ಅಡುಗೆಮನೆಯಲ್ಲಿ ಲೆಟ್ಯೂಸ್ ಎಲೆಗಳಲ್ಲಿ ಹುಳ ಹುಡುಕುವವಳು; ಒಂದು ಹುಳ ತಪ್ಪಿ ಹೋದರೂ ಕಟ್ಟಳೆ ಮುರಿದಂತೆ. ಪದ್ಧತಿಯಂತೆ ಏಳು ದಿನ ಮನೆಯಲ್ಲಿ ನೆಲದ ಮೇಲೆ ಕೂತು ದುಃಖ ಆಚರಿಸಿ, ಮತ್ತೆ ಕೆಲಸಕ್ಕೆ ಬಂದ ಬೆಳಿಗ್ಗೆಯೇ ಒಲೆಯ ಕಡೆಯಿಂದ ಗಂಡನ ಕೆಮ್ಮು ಕೇಳಿಸಿತು. ಹಿಂದೆಯೇ ಮಾತು: "ಜೋಹ್ರಾ, ಎಲೇನ ಬೆಳಕಿಗೆ ಹಿಡಿದು ನೋಡ್ದ್ಯಾ?" ಅಂದಿನಿಂದ ದಿನವೂ ಅದೇ. ಅವಳಿಗೆ ಹೆದರಿಕೆಯಾಗಲಿಲ್ಲ. ಮನೆಯಲ್ಲಿ ಇಲ್ಲದವನು ಇಲ್ಲಾದರೂ ಇದ್ದಾನಲ್ಲ ಎಂದು ಜೀವ ಹಿಡಿದುಕೊಂಡಿದ್ದಳು.

ಹೊಸ ಮೇಲ್ವಿಚಾರಕ ಎಲ್ಯಾಶೀವ್ ಬಂದವನೇ, ಆರಿಸಿ ತನ್ನ ಕೈಯಿಂದಲೇ ಹೊಸದಾಗಿ ಹೊತ್ತಿಸಲೆಂದು ಆ ಉರಿಯ ತಿರುಪಿಗೆ ಕೈಹಾಕಿದ.

"ಮುಟ್ಬೇಡಪ್ಪ! ನಮ್ಮ ಯಜಮಾನ್ರು ಹೊತ್ತಿಸಿದ್ದು. ಅದನ್ನ ಆರಿಸೋ ಬದ್ಲು ನನ್ನ ಕುತ್ತಿಗೆ ಹಿಸುಕು," ಎಂದಳು ಜೋಹ್ರಾ.

"ಅವತ್ತಿಂದ ಒಂದ್ಸಲಾನೂ ಆರಿಲ್ಲ ತಾನೇ? ಹಂಗಿದ್ರೆ ಇರ್ಲಿ ಬಿಡಿ. ನಿಮ್ಮ ಮಾತೇ ಸಾಕು," ಎಂದು ಅವನು ಮಾಂಸದ ಕೋಣೆ ನೋಡಲು ಹೋದ.

ಫರ್ಹಾನ್ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಅಮ್ಮಾ, ನೀವು ಆ ಏಳು ದಿನ ಮನೇಲಿ ಕೂತಿದ್ದಾಗ ಸಿಲಿಂಡರ್ ಖಾಲಿಯಾಗಿ ಅದು ಆರಿಹೋಗಿತ್ತು. ನೀವು ಬಂದು ನೋಡಿದ್ರೆ ತಡ್ಕೊಳ್ಳಲ್ಲ ಅಂತ ನಾನೇ ಕಡ್ಡಿ ಗೀರ್ದೆ."

ಜೋಹ್ರಾ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ಹಂಗಾದ್ರೆ ಇಷ್ಟು ದಿನ ನನ್ನ ಜೊತೆ ಮಾತಾಡಿದ್ದು ಯಾರೋ?"

"ಅವರೇ. ನನಗೂ ಕೇಳಿಸುತ್ತೆ. ನಿಮ್ಮ ಹತ್ರ ಎಲೆ ವಿಚಾರ ಕೇಳ್ತಾರೆ, ನನ್ನನ್ನ ಬೈತಾರೆ. 'ನನ್ನ ಹೆಸರಲ್ಲಿ ಜನಕ್ಕೆ ಏನೋ ತಿನ್ನಿಸ್ತಿದ್ದೀಯ' ಅಂತ. ದಿನಾ ಬೈತಾರೆ. ನನ್ನ ಕೈಲಿ ಇನ್ನಾಗಲ್ಲಮ್ಮಾ."

ಅವಳು ಉರಿಯನ್ನೇ ನೋಡುತ್ತ ನಿಂತಳು. ಬಾಯಿ ಮುಚ್ಚಿಕೊಂಡರೆ ಗಂಡ ಇಲ್ಲೇ ಇರುತ್ತಾನೆ, ನಾಳೆಯೂ ಕೆಮ್ಮುತ್ತಾನೆ. ಆದರೆ ಅವನು ಇಷ್ಟು ದಿನ ನಿಂತದ್ದು ತನ್ನ ಮೇಲಿನ ಪ್ರೀತಿಗಲ್ಲ, ನೆಮ್ಮದಿ ಇಲ್ಲದೆ ಎಂಬುದು ಈಗ ತಿಳಿದುಹೋಗಿತ್ತು. ಪಾಪಿ ಮುಂಡೇದು, ಸತ್ತ ಮೇಲೂ ಕೆಲಸ ಬಿಡಲಿಲ್ಲವಲ್ಲ ಎಂದು ಸಿಟ್ಟೂ ಬಂತು, ಅಳುವೂ ಬಂತು.

ತಿರುಪು ತಿರುಗಿಸಿದಳು. ಉರಿ ಆರಿತು.

"ಎಲ್ಯಾಶೀವಪ್ಪಾ, ಬಂದು ಹೊಸದಾಗಿ ಹೊತ್ತಿಸು. ಇದು ನಡುವೆ ಆರಿತ್ತಂತೆ," ಎಂದು ಕೂಗಿದಳು. ಆಮೇಲೆ ಫರ್ಹಾನ್‌ನ ಕಡೆ ತಿರುಗಿ, "ಇನ್ನು ಬೈಯಲ್ಲ, ಬಿಡೋ," ಎಂದಳು.

ಹೊಸ ಉರಿ ಹೊತ್ತಿತು. ಇಬ್ಬರೂ ಕಿವಿಗೊಟ್ಟು ನಿಂತರು. ಯಾರೂ ಕೆಮ್ಮಲಿಲ್ಲ. ಫರ್ಹಾನ್ ನಿಟ್ಟುಸಿರು ಬಿಟ್ಟ. ಬೈಯುವುದಕ್ಕಾದರೂ ಇನ್ನೊಮ್ಮೆ ಬರಬಾರದೇ ಎಂದು ಜೋಹ್ರಾಳ ಕರುಳು ಕಿತ್ತುಬಂತು.