ತಂಗಿಗೊಂದು ಸಣ್ಣ ಚಕ್

ಹಸಿ ಮರವನ್ನು ಕಡೆಯುವಾಗ ಏಳುವ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಒಗರು, ನನ್ನ ಬಾಲ್ಯದಲ್ಲಿ ಅಪ್ಪನ ಅಂಗಿಗೇ ಅಂಟಿಕೊಂಡಿತ್ತು. ಶಾಲೆಯಿಂದ ಬಂದವರೇ ಅವರ ತೋಳಿಗೆ ಮೂಗೊತ್ತಿ ಇವತ್ತು ಯಾವ ಮರ ಎಂದು ಹೇಳುವುದು ನನಗೂ ತಂಗಿಗೂ ಪಂದ್ಯ. ಗೆಲ್ಲುತ್ತಿದ್ದವಳು ಅವಳೇ. ನಾನು ಓದಿ ಭೌತಶಾಸ್ತ್ರದ ಮೇಡಂ ಆದೆ. ಅವಳು ಅಪ್ಪನ ಲೇತಿನ, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ, ಮುಂದೆ ನಿಂತಳು, ಇನ್ನೂ ನಿಂತಿದ್ದಾಳೆ. ನಿವೃತ್ತಿಯಾದ ಮೇಲೆ ನಾನೂ ಅವಳ ಮನೆಗೇ ಬಂದಿದ್ದೇನೆ. ಅವಳು ಕಡೆದ ಬಟ್ಟಲುಗಳಿಗೆ ಮೇಣ ತಿಕ್ಕುವುದು ನನ್ನ ಕೆಲಸ.

ಲೇತಿನ ತಿರುಗುವ ದಂಡದ ತುದಿಗೆ ತಿರುಪಿನಂತೆ ಏರಿ ಕೂತು ಮರದ ತುಂಡನ್ನು ಕಚ್ಚಿ ಹಿಡಿಯುವ ಉಕ್ಕಿನ ಗಡ್ಡೆಗೆ ಚಕ್ ಎನ್ನುತ್ತಾರೆ. ನಮ್ಮದನ್ನು ಎತ್ತಲು ಎರಡು ಕೈ ಬೇಕು. ದೊಡ್ಡ ಬಟ್ಟಲಿಗೆ ಅದು ಸರಿ. ಆದರೆ ಈಚೆಗೆ ತಂಗಿಗೆ ಬರುವುದೆಲ್ಲ ಸಣ್ಣ ಕೆಲಸ: ಡ್ರಾಯರಿನ ಹಿಡಿಗಳು, ಬಾಟಲಿಯ ಬಿರಡೆಗಳು. ಸಣ್ಣ ತುಂಡು ಹಿಡಿಸಬೇಕಾದರೆ ಚಕ್ಕಿನ ನಾಲ್ಕು ದವಡೆಗಳನ್ನು ಬಿಚ್ಚಿ ಬೇರೆಯವನ್ನು ಹಾಕಬೇಕು. ಎಂಟು ಪುಟ್ಟ ಸ್ಕ್ರೂಗಳು. ಅವಳ ಗಂಟುನೋವಿನ ಬೆರಳಿಗೆ ಅದು ಆಗದ ಕೆಲಸ. ಒಂದು ದಿನ ಬೇಸತ್ತು, ದೊಡ್ಡ ದವಡೆಯಲ್ಲೇ ಬಿರಡೆ ಸಿಕ್ಕಿಸಿ ಕಡೆಯಲು ಹೋದಳು. ಗಿರಗಿರನೆ ತಿರುಗುವ ದವಡೆ ಬೆರಳ ಗಿಣ್ಣಿನ ಚರ್ಮ ಸುಲಿಯಿತು.

"ಇನ್ನೊಂದು ಸಣ್ಣ ಚಕ್ ತಗೊಂಡುಬಿಡೋಣ," ಎಂದೆ ಬಟ್ಟೆ ಸುತ್ತುತ್ತ. "ದೊಡ್ಡದಕ್ಕೆ ಅದು, ಚಿಕ್ಕದಕ್ಕೆ ಇದು. ಸ್ಕ್ರೂ ಬಿಚ್ಚೋ ರಗಳೆನೇ ಇಲ್ಲ. ನಾನೇ ಹೋಗಿ ತರ್ತೀನಿ."

"ತಾ. ಆದ್ರೆ ಹಳೇ ಚಕ್ ಚೀಲಕ್ಕೆ ಹಾಕ್ಕೊಂಡು ಹೋಗು. ಅದರ ಥ್ರೆಡ್ ನೋಡಿ ಕೊಡ್ತಾರೆ."

"ಆ ಭಾರ ಯಾರು ಹೊರ್ತಾರೆ? ಅಳತೆ ಬರ್ಕೊಂಡು ಹೋದ್ರಾಯ್ತು."

"ಸರಿ ಮೇಡಂ," ಎಂದು ಅಣಕಿಸಿದಳು.

ದಂಡದ ದಪ್ಪವನ್ನು ಸ್ಕೇಲಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡೆ. ಅದರ ಮೇಲಿನ ಸುರುಳಿ ಗೀರುಗಳು, ಅಂದರೆ ಥ್ರೆಡ್, ಎಷ್ಟು ಒತ್ತಾಗಿವೆ ಎಂದು ಎಣಿಸಲಿಲ್ಲ. ಎಣಿಸಬೇಕೆಂದು ಹೊಳೆಯಲೂ ಇಲ್ಲ.

ಉಪಕರಣದ ಅಂಗಡಿಯವರು ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಮೂರು ಸಣ್ಣ ಚಕ್ಕುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ತಂಗಿಗೆ ಎಂದಾಗ, "ಅವ್ರ ಬೆರಳು ಎಷ್ಟು ಮಡಚುತ್ತೆ ತೋರ್ಸಿ," ಎಂದರು. ನಾನು ಕೈ ಅರ್ಧ ಮುಚ್ಚಿ ತೋರಿಸಿದೆ. ಅವರೂ ತಮ್ಮ ಕೈಯನ್ನು ಹಾಗೇ ಮಾಡಿಕೊಂಡು ಒಂದೊಂದನ್ನೇ ಬಿಗಿದು ನೋಡಿದರು. ಎರಡು ಸರಳು ಸಿಕ್ಕಿಸಿ ಎರಡೂ ಕೈಯಿಂದ ಬಿಗಿಯುವಂಥದ್ದನ್ನು ಬದಿಗಿಟ್ಟರು. ಮತ್ತೊಂದು ಹಗುರ, ಆದರೆ ಅದನ್ನು ಬಿಗಿಯುವ ಕೀಲಿ ತೀರ ಸಣ್ಣದು. ಮೂರನೆಯದಕ್ಕೆ ಉದ್ದ ಹಿಡಿಯ ಕೀಲಿ. ಒಂದೇ ಕೈ ಸಾಕು. ಅದನ್ನೇ ಆರಿಸಿದೆ.

"ಥ್ರೆಡ್ ಒತ್ತೋ, ಬಿಡಿಯೋ ಅಮ್ಮ? ಇದೇ ದಪ್ಪಕ್ಕೆ ಎರಡು ಥರ ಬರುತ್ತೆ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ನಾಲಿಗೆಗೆ ಬರಲಿಲ್ಲ. "ಒತ್ತು," ಎಂದೆ.

"ಯಾವುದಕ್ಕೂ ಹಳೇದನ್ನ ಒಂದ್ಸಲ ತಂದುಬಿಡಿ. ಇದನ್ನ ತೆಗೆದಿಟ್ಟಿರ್ತೀನಿ."

"ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದೀನಿ. ಅಳತೆ ತಗೊಳೋಕೆ ನನಗೆ ಬರುತ್ತೆ."

ಅವರು ಚಕ್ಕನ್ನು ಕಾಗದದಲ್ಲಿ ಸುತ್ತಿದರು. ನನ್ನ ಚೀಲದ ಹಿಡಿಯನ್ನು ಎಳೆದು ನೋಡಿ, ಹರಿದೀತೆಂದು ಇನ್ನೊಂದು ಚೀಲದೊಳಗಿಟ್ಟು ಕೊಟ್ಟರು.

ಮನೆಗೆ ಬಂದಾಗ ತಂಗಿ ಬಿರಡೆಗಳನ್ನು ತಲುಪಿಸಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಕೂರಿಸಿಟ್ಟಿರೋಣ ಎಂದುಕೊಂಡೆ. ಚಕ್ ಒಂದು ಸುತ್ತು ಹೋಯಿತು, ನಿಂತಿತು. ಹೊಸದು, ಬಿಗಿ ಇರಬಹುದು ಎಂದು ಕೀಲಿ ಸಿಕ್ಕಿಸಿ ಮೈಭಾರ ಬಿಟ್ಟೆ. ಕರ್ ಎಂದಿತು. ಹೇಗೋ ಬಿಚ್ಚಿದಾಗ ಬೆಳ್ಳಗೆ ಹೊಳೆಯುವ ಉಕ್ಕಿನ ಚೂರುಗಳು ಉದುರಿದವು. ಅಪ್ಪನ ಲೇತಿನ ದಂಡದ ಮೇಲೆ ಥ್ರೆಡ್ಡಿನ ಮೊದಲ ಸುತ್ತು ಹರಿದುಹೋಗಿತ್ತು. ಹಳೆಯ ಚಕ್ ಕೂಡ ಈಗ ಏರಲಿಲ್ಲ.

ತಂಗಿ ಬಂದು ನೋಡಿ ಬಾಗಿಲಲ್ಲೇ ನಿಂತಳು. "ಏನಾಯ್ತಕ್ಕ ಇದು?"

"ಅಂಗಡಿಯವರೇ ಹೇಳಿದ್ರು, ಬಿಗಿ ಇದ್ರೆ ಒತ್ತಿ ತಿರುಗಿಸಿ ಅಂತ."

ಎಷ್ಟು ಸಲೀಸಾಗಿ ಬಂತು ಆ ಮಾತು. ಅವಳು ಒಂದು ಕ್ಷಣವೂ ಅನುಮಾನಿಸಲಿಲ್ಲ. ಸಂಜೆಯವರೆಗೆ ಬಗ್ಗಿ ಕೂತು, ನೋಯುವ ಬೆರಳಲ್ಲಿ ಮುಮ್ಮೂಲೆಯ ಅರ ಹಿಡಿದು ಆ ಥ್ರೆಡ್ಡನ್ನು ತಿದ್ದಿದಳು. ನಾನು ದೀಪ ಹಿಡಿದು ನಿಂತಿದ್ದೆ. "ಕೈ ನೋಯುತ್ತೆ, ಕೆಳಗಿಡಕ್ಕ," ಎಂದು ಅವಳೇ ನನಗೆ ಹೇಳಿದಳು.

ಮರುದಿನ ಎರಡೂ ಚಕ್ಕುಗಳನ್ನು ಹೊತ್ತುಕೊಂಡು ಅಂಗಡಿಗೆ ಹೊರಟಳು. ನಾನು ಹಿಂದೆ.

"ಏನ್ರೀ, ಕಡೆಯೋ ಯಂತ್ರಕ್ಕೆ ಒತ್ತಿ ತಿರುಗಿಸಿ ಅಂತ ನಮ್ಮಕ್ಕನಿಗೆ ಹೇಳೋರು ನೀವು ಎಂಥ ವ್ಯಾಪಾರಸ್ಥರು?"

ಅವರು ನನ್ನ ಮುಖ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಉಳಿಗಳನ್ನು ನೋಡಿದೆ.

"ಹಳೇದನ್ನ ತರಿಸಿ ನೋಡಿ ಕೊಡ್ಬೇಕಿತ್ತು," ಎಂದರು ನಿಧಾನವಾಗಿ. "ತಪ್ಪಾಯ್ತಮ್ಮ." ಹಳೆಯ ಚಕ್ಕಿನ ಥ್ರೆಡ್ ನೋಡಿ, ಅದಕ್ಕೆ ಸರಿಹೊಂದುವುದನ್ನು ಒಳಗಿನಿಂದ ತಂದುಕೊಟ್ಟರು.

"ಭಾನುವಾರ ಮರ ಕಡೆಯೋರ ಸಂಘದಲ್ಲಿ ಈ ವಿಷಯ ಹೇಳೇ ಹೇಳ್ತೀನಿ," ಎಂದಳು ತಂಗಿ. ಸಂಘದಲ್ಲಿ ಅವಳ ಮಾತಿಗೆ ತೂಕವಿದೆ. ಅವಳು ಬೇಡವೆಂದ ಅಂಗಡಿಗೆ ಆಮೇಲೆ ಯಾರೂ ಕಾಲಿಡುವುದಿಲ್ಲ.

ಬಸ್ ನಿಲ್ದಾಣದವರೆಗೆ ನಡೆದೆವು. ಅವಳು ಕೂತಳು. ನನಗೆ ಕೂರಲಾಗಲಿಲ್ಲ.

"ಅವರು ಹಾಗೆ ಹೇಳ್ಲಿಲ್ಲ ಕಣೇ. ಹಳೇದನ್ನ ತನ್ನಿ ಅಂದಿದ್ರು. ನಾನೇ ಅಳತೆ ಬರುತ್ತೆ ಅಂತ ಜಂಬ ಮಾಡಿದೆ. ಒತ್ತಿದ್ದೂ ನಾನೇ."

ಅವಳು ಚಕ್ಕುಗಳ ಚೀಲವನ್ನು ಮಡಿಲಿನಿಂದ ಕೆಳಗಿಟ್ಟಳು.

"ಮೂವತ್ತು ವರ್ಷ ಊರವರ ಮಕ್ಕಳ ತಪ್ಪಿಗೆಲ್ಲ ಕೆಂಪು ಶಾಯಿಲಿ ಗೆರೆ ಎಳೆದೆಯಲ್ಲಕ್ಕ," ಎಂದಳು. "ನನ್ನ ಬಾಯಲ್ಲಿ ಆ ಮನುಷ್ಯನ್ನ ಬೈಯಿಸಿದೆ. ಹೋಗು, ಹೇಳಿ ಬಾ. ನಾನು ಬರಲ್ಲ. ಇಲ್ಲೇ ಕೂತಿರ್ತೀನಿ."

ಮಧ್ಯಾಹ್ನವಾಗಿತ್ತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಅವರು ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದರು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ.

"ನಾನು ಸುಳ್ಳು ಹೇಳಿದೆ," ಎಂದೆ. "ನಿಮ್ಮದೇನೂ ತಪ್ಪಿಲ್ಲ ಅಂತ ತಂಗಿಗೆ ಹೇಳಿದೀನಿ. ಸಂಘದಲ್ಲಿ ನಿಮ್ಮ ಮಾತು ಬರಲ್ಲ."

"ಬೇಜಾರಾಗಿತ್ತಮ್ಮ, ಇಲ್ಲ ಅನ್ನಲ್ಲ," ಎಂದರು.

"ಮತ್ತೆ ಯಾಕೆ ಒಪ್ಪಿಕೊಂಡ್ರಿ?"

"ಅಕ್ಕ ಅಕ್ಕ ಅಂತ ಅವ್ರು ನಿಮ್ಮ ಕಡೆ ಮಾತಾಡ್ತಿದ್ರು. ಅವ್ರೆದುರಿಗೆ ಹೇಗೆ ಹೇಳಲಿ?"

ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮಿಸಿ ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಹೊರಡಲು ತಿರುಗಿದೆ.

"ಕೂತ್ಕೊಳಿ ಒಂದು ನಿಮಿಷ."

ಸ್ಟೂಲಿನ ಮೇಲಿದ್ದ ಮರದ ಹೊಟ್ಟನ್ನು ಅಂಗೈಯಿಂದ ಸವರಿದರು. ಆಮೇಲೆ ಡಬ್ಬಿಯ ಮುಚ್ಚಳವನ್ನು ಮಗುಚಿಟ್ಟು, ಅದಕ್ಕೆ ಅರ್ಧ ಊಟ ಹಾಕಿ, ಇದ್ದ ಒಂದೇ ಚಮಚವನ್ನು ಒರೆಸಿ ಅದರ ಮೇಲಿಟ್ಟು, ನನ್ನ ಕೈಗೆ ಕೊಟ್ಟರು.